ಕೆಸರುಕಲ್ಲು (ಅಡಿಗಲ್ಲು) ಹಾಕುವ ಮೊದಲು: ಕರಾವಳಿಯಲ್ಲಿ ಮನೆಯ ಪ್ಲ್ಯಾನ್ ಎಲ್ಲಿಂದ ಶುರುವಾಗಬೇಕು?

ಮನೆ ಕಟ್ಟಿಸಬೇಕು ಎಂದು ಮನಸ್ಸು ಮಾಡಿದ ಕೂಡಲೇ ನಮ್ಮಲ್ಲಿ ಹೆಚ್ಚಿನವರು ಮಾಡುವ ಮೊದಲ ಕೆಲಸ ಎಲಿವೇಶನ್ ನೋಡುವುದು. ಯೂಟ್ಯೂಬ್‌ನಲ್ಲಿ ಕೇರಳದ ಮನೆಗಳ ವೀಡಿಯೋ, ವಾಟ್ಸಾಪ್‌ನಲ್ಲಿ ಭಾವ ಕಳಿಸಿದ ಫೋಟೋ, ಕೊನೆಗೆ ಒಂದು ಹಾಳೆಯಲ್ಲಿ ಮೂರು ಬೆಡ್‌ರೂಮ್, ಹಾಲ್, ಕಿಚನ್, ಸಿಟ್‌ಔಟ್. ಆ ಹಾಳೆಯಲ್ಲಿ ಜಾಗ ಅಂದರೆ ಬರೀ ಒಂದು ಚೌಕ.

ಮಂಗಳೂರು, ಉಡುಪಿ ಕಡೆ ಹಾಗೆ ಚೌಕವಾಗಿ, ಸಪಾಟಾಗಿ ಸಿಗುವ ಜಾಗ ಎಲ್ಲುಂಟು? ಒಂದು ಬದಿ ಗುಡ್ಡ, ಇನ್ನೊಂದು ಬದಿ ತೋಡು, ನಡುವೆ ಹಿಂದಿನ ಮನೆಯವರ ಮಾಮೂಲು ದಾರಿ. ಮೇಲಿಂದ ವರ್ಷಕ್ಕೆ ಸುಮಾರು 3,500ರಿಂದ 4,000 ಮಿಲಿಮೀಟರ್ ಮಳೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಹಾಗಾಗಿ ಇಲ್ಲಿ ಮೊದಲು ಜಾಗದ ಪ್ಲ್ಯಾನ್ ಮಾಡಬೇಕು, ಆಮೇಲೆ ನೀರಿನ ಪ್ಲ್ಯಾನ್. ಕೋಣೆಗಳ ಸರದಿ ಕೊನೆಗೆ. ಈ ಕ್ರಮ ಉಲ್ಟಾ ಆದ ಮನೆಗಳಲ್ಲೇ ಒಕ್ಕಲಾಗಿ ಎರಡು ಮಳೆಗಾಲ ಕಳೆಯುವುದರೊಳಗೆ ಗೋಡೆ ಒರತೆ ಶುರುವಾಗುತ್ತದೆ, ಟೆರೇಸ್ ಮೇಲೆ ಶೀಟ್ ಏರುತ್ತದೆ.

ಜಾಗ ನಿಮ್ಮದು ಹೌದು, ಕಟ್ಟಬಹುದಾ?

ಕಾಗದಪತ್ರ ಯಾರಿಗೂ ಇಷ್ಟದ ವಿಷಯ ಅಲ್ಲ. ಆದರೂ ಇಲ್ಲಿಂದಲೇ ಶುರು ಮಾಡಬೇಕು. ಆರ್‌ಟಿಸಿಯಲ್ಲಿ, ಅಂದರೆ ಪಹಣಿಯಲ್ಲಿ, ನಿಮ್ಮ ಹೆಸರಿದ್ದ ಮಾತ್ರಕ್ಕೆ ಮನೆ ಕಟ್ಟುವ ಹಕ್ಕು ಬರುವುದಿಲ್ಲ. ಕೃಷಿ ಜಮೀನಾಗಿದ್ದರೆ 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಸೆಕ್ಷನ್ ಪ್ರಕಾರ ಭೂ ಪರಿವರ್ತನೆ ಆಗಬೇಕು. ಊರಿನ ಮಾತಲ್ಲಿ ಹೇಳುವುದಾದರೆ ಕನ್ವರ್ಷನ್. ಆಮೇಲೆ ಸಿಂಗಲ್ ಲೇಔಟ್ (ಒಂದೇ ನಿವೇಶನದ ನಕ್ಷೆಗೆ ಒಪ್ಪಿಗೆ), ಪಂಚಾಯತ್ ವ್ಯಾಪ್ತಿಯಲ್ಲಿದ್ದರೆ 9/11 ಎಂಬ ಆಸ್ತಿ ದಾಖಲೆಯ ನಮೂನೆಗಳು, ನಗರದಲ್ಲಾದರೆ ಖಾತೆ, ಕೊನೆಗೆ ಕಟ್ಟಡದ ಲೈಸೆನ್ಸ್. ಯಾವ ಕಚೇರಿಗೆ ಹೋಗಬೇಕು ಎಂಬುದು ಜಾಗ ಯಾರ ಎಲ್ಲೆಯೊಳಗೆ ಬರುತ್ತದೆ ಎಂಬುದರ ಮೇಲೆ. ಮಂಗಳೂರು ಮಹಾನಗರ ಪಾಲಿಕೆ, ಉಡುಪಿ ನಗರಸಭೆ, ಗ್ರಾಮ ಪಂಚಾಯತ್ ಒಂದು ಕಡೆ. ಮಂಗಳೂರು ನಗರಾಭಿವೃದ್ಧಿ ಪ್ರಾಧಿಕಾರ (ಮುಡಾ) ಅಥವಾ ಉಡುಪಿ ನಗರಾಭಿವೃದ್ಧಿ ಪ್ರಾಧಿಕಾರ ಇನ್ನೊಂದು ಕಡೆ. ಪ್ರಾಧಿಕಾರದ ಮಾಸ್ಟರ್ ಪ್ಲ್ಯಾನ್‌ನಲ್ಲಿ ನಿಮ್ಮ ಜಾಗ ವಸತಿ ವಲಯದಲ್ಲಿ ಉಂಟಾ, ಎದುರಿನ ರಸ್ತೆ ಮುಂದೆ ಎಷ್ಟು ಅಗಲ ಆಗಬೇಕು ಎಂದು ಬರೆದಿದೆ, ಇವೆರಡನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ಈಗ ಹನ್ನೆರಡು ಅಡಿ ಇರುವ ರಸ್ತೆ ನಕ್ಷೆಯಲ್ಲಿ ಮೂವತ್ತು ಅಡಿ ಇದ್ದರೆ, ಬಿಡಬೇಕಾದ ಜಾಗವನ್ನು ಕಳೆದು ಉಳಿದದ್ದರಲ್ಲಿ ಸೆಟ್‌ಬ್ಯಾಕ್, ಅಂದರೆ ಗಡಿಗೂ ಮನೆಗೂ ನಡುವೆ ಖಾಲಿ ಬಿಡುವ ಅಂತರ, ಹಿಡಿಯಬೇಕು. ಎಂಟು ಸೆಂಟ್ಸ್ ಎಂದು ಕೊಂಡ ಜಾಗ ಕಟ್ಟುವಾಗ ಆರೂವರೆ ಆಗುವುದು ಹೀಗೆ.

ನಮ್ಮ ಜಿಲ್ಲೆಗಳದೇ ಆದ ಇನ್ನೊಂದು ಸಂಗತಿ ಕುಮ್ಕಿ. ವರ್ಗ ಜಾಗದ (ಪಟ್ಟಾ ಜಮೀನಿನ) ಸುತ್ತ ನೂರು ಗಜದೊಳಗಿನ ಸರಕಾರಿ ಜಮೀನಿನಲ್ಲಿ ಸೊಪ್ಪು, ಸೌದೆಗೆ ವರ್ಗದಾರರಿಗೆ ಬ್ರಿಟಿಷರ ಕಾಲದಿಂದ ಬಂದ ಸವಲತ್ತು ಅದು. ಅನುಭವಿಸುವ ಸವಲತ್ತು ಮಾತ್ರ, ಮಾಲಕತ್ವ ಅಲ್ಲ. ಅಜ್ಜನ ಕಾಲದಿಂದ ಬೇಲಿ ಹಾಕಿ ಗೇರು ನೆಟ್ಟಿದ್ದರೂ ಅದು ಸರಕಾರದ್ದೇ. ಬೇಲಿ ನೋಡಿ ಜಾಗ ಅಳೆಯುವವರು ಇಲ್ಲೇ ಎಡವುತ್ತಾರೆ. ಸರ್ವೇಯರ್ ಕರೆಸಿ ಗಡಿಕಲ್ಲು ಹಾಕಿಸಿಕೊಳ್ಳದೆ ಇಂಜಿನಿಯರ್ ಕೈಗೆ ಅಳತೆ ಕೊಡಬೇಡಿ. ದರ್ಖಾಸ್ತಿನಲ್ಲೋ ಅಕ್ರಮ ಸಕ್ರಮದಲ್ಲೋ ಮಂಜೂರಾದ ಜಾಗವಾದರೆ ಮಂಜೂರಾತಿ ಆದೇಶವನ್ನು ಪೂರ್ತಿ ಓದಿಸಿ. ಮಾರಬಾರದು ಎಂಬ ಷರತ್ತು ಇನ್ನೂ ಜೀವಂತ ಇರಬಹುದು.

ದಾರಿ ವಿಷಯದಲ್ಲಂತೂ ಮುಲಾಜು ಬೇಡ. ನಮ್ಮ ಕಡೆಯ ಹಳೆಯ ಪಾಲುಪಟ್ಟಿಗಳಲ್ಲಿ ‘ಮಾಮೂಲು ದಾರಿ, ನೀರಿನ ಹಕ್ಕು ಸಹಿತ’ ಎಂದು ಒಂದು ಸಾಲು ಬರೆದಿರುತ್ತಾರೆ. ನಡೆದು ಹೋಗುವುದಕ್ಕೆ ಆ ಸಾಲು ಸಾಕು. ಜಲ್ಲಿ ತುಂಬಿದ ಟಿಪ್ಪರ್ ಹೋಗುವುದಕ್ಕೆ ಸಾಕಾ? ಅಗಲ ಎಷ್ಟು, ವಾಹನ ಹೋಗಬಹುದಾ ಎಂಬುದು ಕ್ರಯಪತ್ರದಲ್ಲೇ ಅಡಿ ಲೆಕ್ಕದಲ್ಲಿ ಇರಬೇಕು. ಹಾಗೆಯೇ ಬೇರೆಯವರಿಗೆ ನಿಮ್ಮ ಜಾಗದ ಮೂಲಕ ದಾರಿ ಉಂಟಾ ಎಂಬುದೂ. ಜಾಗದಲ್ಲಿ ನಾಗಬನವೋ ದೈವದ ಕಲ್ಲೋ ಇದ್ದರೆ ಅದರ ವಿಚಾರವನ್ನು ಕುಟುಂಬದವರ ಜೊತೆ ಮೊದಲೇ ಬಗೆಹರಿಸಿ. ನಂಬಿಕೆ ಇರಲಿ ಇಲ್ಲದಿರಲಿ, ತಳಪಾಯ ತೋಡಿದ ಮೇಲೆ ಈ ಮಾತು ಎದ್ದರೆ ಕೆಲಸ ನಿಲ್ಲುವುದು ಗ್ಯಾರಂಟಿ.

ಸಮುದ್ರದ ಹತ್ತಿರದ ಜಾಗಕ್ಕೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಬರುತ್ತದೆ. ಉಬ್ಬರದ ಗೆರೆಯಿಂದ 500 ಮೀಟರ್‌ವರೆಗೆ ಅದರ ವ್ಯಾಪ್ತಿ. ಉಳ್ಳಾಲ, ಸುರತ್ಕಲ್, ಹೆಜಮಾಡಿ, ಕಾಪು, ಮಲ್ಪೆಯವರಿಗೆ ಇದು ಗೊತ್ತಿರುವ ವಿಷಯವೇ. ಆದರೆ ಉಬ್ಬರದ ನೀರು ಒಳಗೆ ಬರುವ ನದಿಗಳ ದಂಡೆಗೂ, ದೂರದ ಮಿತಿ ಬೇರೆಯಾದರೂ, ಈ ನಿಯಮ ಅನ್ವಯಿಸುತ್ತದೆ ಎಂಬುದು ಹಲವರಿಗೆ ಗೊತ್ತಿರುವುದಿಲ್ಲ. ನೇತ್ರಾವತಿ, ಫಲ್ಗುಣಿ, ಶಾಂಭವಿ, ಸ್ವರ್ಣಾ ನದಿಗಳ ಅಳಿವೆ ಹತ್ತಿರ ‘ರಿವರ್ ವ್ಯೂ’ ಎಂದು ಮಾರುವ ಜಾಗ ನೋಡುವಾಗ ಮೊದಲು ಕೇಳಬೇಕಾದ ಪ್ರಶ್ನೆ ಇದೇ.

ಜಾಗವನ್ನು ಜುಲೈಯಲ್ಲಿ ನೋಡಿ

ಜನವರಿಯಲ್ಲಿ ಎಲ್ಲ ಜಾಗವೂ ಚೆಂದ. ನೆಲ ಒಣಗಿರುತ್ತದೆ, ಹುಲ್ಲು ಕೆಂಪಾಗಿರುತ್ತದೆ, ಬ್ರೋಕರ್ ಕಾರನ್ನು ಸೀದಾ ಒಳಗೆ ತಂದು ನಿಲ್ಲಿಸುತ್ತಾನೆ. ಅದೇ ಜಾಗಕ್ಕೆ ಜುಲೈಯ ಜೋರು ಮಳೆಯಲ್ಲಿ ಕೊಡೆ ಹಿಡಿದು ಹೋಗಿ ಅರ್ಧ ಗಂಟೆ ನಿಲ್ಲಿ. ಮೇಲಿನ ಜಾಗದ ನೀರು ಎಲ್ಲಿಂದ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ, ರಸ್ತೆಯ ಕಣಿ ತುಂಬಿದರೆ ಯಾವ ಕಡೆ ಉಕ್ಕುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ. ನೀರು ಹರಿಯುವ ಗೆರೆಯನ್ನು ಸ್ಕೆಚ್‌ನಲ್ಲಿ ಗುರುತು ಮಾಡಿ ಇಂಜಿನಿಯರ್‌ಗೆ ಕೊಡಿ. ಆ ಗೆರೆಯ ಮೇಲೆ ಮನೆ ಬರಬಾರದು. ಬರಲೇಬೇಕಾದರೆ ಆ ನೀರಿಗೆ ಬೇರೆ ಕಣಿ ಮೊದಲೇ ಆಗಬೇಕು. ಕಾಂಪೌಂಡ್ ಗೋಡೆ ಕಟ್ಟಿ ನೀರನ್ನು ತಡೆದುಬಿಟ್ಟೆ ಎಂದುಕೊಂಡರೆ ಒಂದೋ ಗೋಡೆ ಬೀಳುತ್ತದೆ, ಇಲ್ಲವೋ ಪಕ್ಕದ ಮನೆಯವರ ಜೊತೆಗಿನ ಮಾತು ನಿಲ್ಲುತ್ತದೆ.

ಹಳೆಯ ಪಹಣಿಯಲ್ಲಿ ಜಾಗ ನಂಜ ಎಂದಿದ್ದರೆ ಅದು ಗದ್ದೆಯಾಗಿತ್ತು ಎಂದರ್ಥ. ಬೈಲು ಗದ್ದೆಗೆ ಗುಡ್ಡದ ಮಣ್ಣು ತಂದು ಹಾಕಿ ಎತ್ತರಿಸಿ ಮಾರುವುದು ಈಗ ಎಲ್ಲ ಕಡೆ ನಡೆಯುತ್ತಿದೆ. ಮೇಲಿನಿಂದ ನೋಡಿದರೆ ಗಟ್ಟಿ ಕೆಂಪು ನೆಲ. ಕೆಳಗೆ ಮಾತ್ರ ಅದೇ ಕೆಸರು. ಹಾಕಿದ ಮಣ್ಣು ಮಳೆಗಾಲ ಮಳೆಗಾಲಕ್ಕೆ ಕುಸಿಯುತ್ತ ಹೋಗುತ್ತದೆ. ಅಂಥ ಜಾಗದಲ್ಲಿ ಪಾಯವು ತಂದು ಹಾಕಿದ ಮಣ್ಣಿನ ಮೇಲೆ ಕೂರಬಾರದು, ಅದನ್ನು ದಾಟಿ ಕೆಳಗಿನ ಗಟ್ಟಿ ನೆಲಕ್ಕೆ ಇಳಿಯಬೇಕು. ಎಷ್ಟು ಇಳಿಯಬೇಕು ಎಂಬುದನ್ನು ಸಾಯಿಲ್ ಟೆಸ್ಟ್ ಹೇಳುತ್ತದೆ. ಮನೆಯ ಒಟ್ಟು ಖರ್ಚಿನ ಎದುರು ಅದರದ್ದು ಸಣ್ಣ ಮೊತ್ತ. ‘ಇಲ್ಲೆಲ್ಲ ನಾಲ್ಕಡಿ ಹೋದ್ರೆ ಸಾಕು ಸರ್, ನಾವು ಎಷ್ಟು ಮನೆ ಮಾಡಿದ್ದೇವೆ’ ಎಂಬ ಮಾತು ಸಾಯಿಲ್ ಟೆಸ್ಟ್ ಆಗುವುದಿಲ್ಲ.

ಗುಡ್ಡದ ಜಾಗದ ಕಥೆ ಬೇರೆ. ಮಂಗಳೂರಿನ ಅರ್ಧ ಊರು, ಮಣಿಪಾಲ, ಪರ್ಕಳ ಎಲ್ಲ ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡದ ಮೇಲೆಯೇ ಇವೆ. ಮೇಲ್ಪದರ ಗಟ್ಟಿ ಪಾದೆ. ಹಾರೆ ಹಾಕಿದರೆ ಕಿಡಿ ಹಾರುತ್ತದೆ. ಆದರೆ ಆ ಪದರದ ಕೆಳಗೆ ಹಲವು ಕಡೆ ಬಿಳಿ, ನಸುಗೆಂಪು, ಹಳದಿ ಬಣ್ಣದ ನುಣುಪಾದ ಮಣ್ಣು ಸಿಗುತ್ತದೆ. ಶೇಡಿ ಮಣ್ಣು ಎನ್ನುತ್ತಾರೆ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಈ ಮಣ್ಣಿನ ಮೇಲೆ ಸಾಕಷ್ಟು ಸಂಶೋಧನೆ ನಡೆದಿದೆ. ಒಣಗಿದಾಗ ಇದು ಗೋಡೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ನೀರು ಕುಡಿದರೆ ಬಲವನ್ನೆಲ್ಲ ಕಳೆದುಕೊಳ್ಳುತ್ತದೆ. ಈಗ ಜೆಸಿಬಿ ತಂದು ಫೆಬ್ರವರಿಯಲ್ಲಿ ಗುಡ್ಡವನ್ನು ಹದಿನೈದಡಿ ನೆಟ್ಟಗೆ ಕಡಿದು ಸಪಾಟು ಮಾಡುತ್ತೀರಿ. ಪಾದೆಯ ಕೆಳಗಿನ ಶೇಡಿ ಬಯಲಿಗೆ ಬರುತ್ತದೆ. ಮೇ ತಿಂಗಳವರೆಗೆ ಏನೂ ಆಗುವುದಿಲ್ಲ. ಜೂನ್ ಕೊನೆಗೆ ಮೇಲಿನ ಪಾದೆಯ ಬಿರುಕುಗಳಿಂದ ನೀರು ಇಳಿದು ಶೇಡಿಯನ್ನು ನೆನೆಸುತ್ತದೆ. ಅದು ಜಾರಿದಾಗ ಮೇಲಿನ ಪಾದೆಯೂ ಜೊತೆಗೇ ಬರುತ್ತದೆ. ಪ್ರತಿ ಮಳೆಗಾಲ ನಮ್ಮ ಪತ್ರಿಕೆಗಳಲ್ಲಿ ಬರುವ ‘ಮನೆಯ ಹಿಂದೆ ಗುಡ್ಡ ಕುಸಿತ’ ಸುದ್ದಿಗಳ ಹಿಂದೆ ಹಲವು ಸಲ ಇರುವುದು ಇದೇ.

ನನ್ನನ್ನು ಕೇಳಿದರೆ, ಗುಡ್ಡದ ಜಾಗವನ್ನು ಸಪಾಟು ಮಾಡುವ ಆಸೆಯನ್ನೇ ಬಿಡಬೇಕು. ಮನೆಯನ್ನು ಎರಡು ಮೂರು ಹಂತದಲ್ಲಿ ಇಳಿಸಬಹುದು. ಕೆಳಗಿನ ಹಂತದಲ್ಲಿ ಕಾರ್ ಪಾರ್ಕಿಂಗ್, ಮೇಲೆ ಮನೆ. ಕಡಿಯಲೇಬೇಕಾದರೆ ನೇರ ಒಂದೇ ಗೋಡೆಯಾಗಿ ಕಡಿಯದೆ ಮೆಟ್ಟಿಲು ಮೆಟ್ಟಿಲಾಗಿ ಕಡಿಯಿರಿ. ಗುಡ್ಡಕ್ಕೂ ಮನೆಯ ಹಿಂಗೋಡೆಗೂ ಧಾರಾಳ ಅಂತರ ಬಿಡಿ. ತಡೆಗೋಡೆಯನ್ನು ಮೇಸ್ತ್ರಿಯ ಅಂದಾಜಿಗೆ ಬಿಡದೆ ಸ್ಟ್ರಕ್ಚರಲ್ ಇಂಜಿನಿಯರ್ ಕೈಯಲ್ಲಿ ಲೆಕ್ಕ ಹಾಕಿಸಿ. ಗೋಡೆಯ ಹಿಂದೆ ಜಲ್ಲಿ ತುಂಬಿ, ನೀರು ಹೊರಬರಲು ಪೈಪಿನ ತೂತು ಬಿಡದಿದ್ದರೆ ಎಷ್ಟು ದಪ್ಪದ ಗೋಡೆಯಾದರೂ ಹಿಂದಿನ ನೀರಿನ ಒತ್ತಡಕ್ಕೆ ಹೊಟ್ಟೆ ಬರುತ್ತದೆ. ತಡೆಗೋಡೆಯ ಖರ್ಚು ದೊಡ್ಡದು. ಕಡಿಮೆ ರೇಟಿಗೆ ಸಿಕ್ಕಿದ ಗುಡ್ಡದ ಜಾಗ ಆ ಖರ್ಚು ಸೇರಿಸಿದ ಮೇಲೆ ನಿಜಕ್ಕೂ ಕಡಿಮೆಯಾ ಎಂದು ಒಮ್ಮೆ ಕೂಡಿಸಿ ನೋಡಿ.

ಬಾವಿ, ಪಿಟ್ ಮತ್ತು ಆರು ಸೆಂಟ್ಸ್

ಮನೆಯ ಪ್ಲ್ಯಾನ್‌ಗಿಂತ ಮೊದಲು ಹಾಳೆಯ ಮೇಲೆ ಬರಬೇಕಾದದ್ದು ಎರಡು ವೃತ್ತಗಳು. ಒಂದು ಬಾವಿ, ಇನ್ನೊಂದು ಸೆಪ್ಟಿಕ್ ಟ್ಯಾಂಕಿನ ಸೋಕ್ ಪಿಟ್. ಒಳಚರಂಡಿ ಇಲ್ಲದ ಕಡೆ, ಅಂದರೆ ನಮ್ಮ ಹೆಚ್ಚಿನ ಊರುಗಳಲ್ಲಿ, ಇದೇ ಇಡೀ ಪ್ಲ್ಯಾನನ್ನು ತೀರ್ಮಾನಿಸುತ್ತದೆ. ಸೆಪ್ಟಿಕ್ ಟ್ಯಾಂಕ್ ಕುರಿತ ಭಾರತೀಯ ಮಾನಕ ಐಎಸ್ 2470 ಪ್ರಕಾರ ಇಂಗುಗುಂಡಿಗೂ ಕುಡಿಯುವ ನೀರಿನ ಬಾವಿಗೂ ಕನಿಷ್ಠ 18 ಮೀಟರ್ ಅಂತರ ಬೇಕು. ಹೆಚ್ಚುಕಡಿಮೆ 60 ಅಡಿ.

ಇದನ್ನು ಆರು ಸೆಂಟ್ಸ್ ಜಾಗಕ್ಕೆ ಹಾಕಿ ನೋಡೋಣ. ಒಂದು ಸೆಂಟ್ ಅಂದರೆ 435.6 ಚದರ ಅಡಿ. ಆರು ಸೆಂಟ್ಸ್ ಅಂದರೆ ಸುಮಾರು 2,613 ಚದರ ಅಡಿ. ಚೌಕವಾಗಿದ್ದರೆ ಪ್ರತಿ ಬದಿ 51 ಅಡಿ. ಬಾವಿಯನ್ನು ಈಶಾನ್ಯ ಮೂಲೆಯಲ್ಲಿ, ಪಿಟ್ಟನ್ನು ಅದರ ಎದುರು ಮೂಲೆಯಲ್ಲಿ ಇಟ್ಟಿರಿ ಎಂದುಕೊಳ್ಳಿ. ಎರಡರ ನಡುಬಿಂದುವೂ ಗಡಿಯಿಂದ ಆರಾರು ಅಡಿ ಒಳಗೆ. ಆಗ ಮೂಲೆಯಿಂದ ಮೂಲೆಗೆ ಸಿಗುವ ಅಂತರ ಬರೀ 55 ಅಡಿ. ಇನ್ನೂ ಮನೆಯ ಮಾತೇ ಬಂದಿಲ್ಲ! ಅದರ ಮೇಲೆ ಪಕ್ಕದವರ ಬಾವಿ ನಿಮ್ಮ ಪಿಟ್ ಇರುವ ಮೂಲೆಯ ಆಚೆಗೇ ಇದ್ದರೆ ಮುಗಿಯಿತು. ಹತ್ತು ಸೆಂಟ್ಸ್ ಇದ್ದರೆ ಅದೇ ಲೆಕ್ಕಕ್ಕೆ 76 ಅಡಿ ಸಿಗುತ್ತದೆ, ಉಸಿರಾಡಲು ಜಾಗ ಇದೆ. ಹಾಗಾಗಿ ಸಣ್ಣ ಜಾಗ ಕೊಳ್ಳುವ ಮೊದಲು ನಾಲ್ಕೂ ಸುತ್ತಿನ ಮನೆಗಳ ಬಾವಿ, ಪಿಟ್ ಎಲ್ಲಿವೆ ಎಂದು ನೋಡಿಕೊಂಡು ಬನ್ನಿ. ಇಳಿಜಾರಾದರೆ ಬಾವಿ ಮೇಲೆ, ಪಿಟ್ ಕೆಳಗೆ. ವಾಸ್ತು ಹೇಳುವ ಮೂಲೆಗೂ ಇಳಿಜಾರಿಗೂ ತಾಳೆಯಾಗದಿದ್ದರೆ ನಾನಂತೂ ಇಳಿಜಾರಿನ ಮಾತು ಕೇಳುತ್ತೇನೆ. ಕುಡಿಯುವ ನೀರಿನ ಪ್ರಶ್ನೆ ಅದು. ಆರು ಸೆಂಟ್ಸಿನಲ್ಲಿ ಬೇರೆ ದಾರಿಯೇ ಇಲ್ಲ ಎಂದಾದರೆ ಆ ಬಾವಿಯನ್ನು ಗಿಡಕ್ಕೂ ತೊಳೆಯುವುದಕ್ಕೂ ಇಟ್ಟುಕೊಂಡು, ಕುಡಿಯಲು ನಳ್ಳಿ ನೀರು ಎಂದು ಮೊದಲೇ ತೀರ್ಮಾನಿಸುವುದು ಮೇಲು.

ನಳ್ಳಿ ನೀರನ್ನೇ ಪೂರ್ತಿ ನಂಬುವ ಹಾಗೂ ಇಲ್ಲ. ಮಂಗಳೂರಿಗೆ ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ, ಉಡುಪಿಗೆ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಿಂದ ನೀರು ಬರುತ್ತದೆ. 2019ರ ಬೇಸಿಗೆಯಲ್ಲಿ ಎರಡೂ ಕಡೆ ನೀರು ತಳ ಕಂಡು ರೇಶನ್ ಮಾಡಬೇಕಾಯಿತು. ಬಾವಿ ತೋಡಿಸುವುದಾದರೆ ಮನೆಗಿಂತ ಮೊದಲೇ ತೋಡಿಸಿ, ಏಪ್ರಿಲ್ ಮೇ ತಿಂಗಳಲ್ಲಿ ನೀರು ಎಲ್ಲಿ ನಿಲ್ಲುತ್ತದೆ ಎಂದು ನೋಡಿ. ಕಟ್ಟುವ ಕೆಲಸಕ್ಕೂ ಅದೇ ನೀರು ಆಗುತ್ತದೆ. ಆದರೆ ಸಮುದ್ರದ ಬದಿಯಲ್ಲಿ, ಅಳಿವೆಯ ಹತ್ತಿರ, ಬೇಸಿಗೆಯಲ್ಲಿ ಬಾವಿ ನೀರು ಉಪ್ಪಾಗುವುದುಂಟು. ಅದನ್ನು ಲ್ಯಾಬ್‌ಗೆ ಕೊಟ್ಟು ಕ್ಲೋರೈಡ್ ನೋಡಿಸಿ. ಕಾಂಕ್ರೀಟಿನ ಮಾನಕ ಐಎಸ್ 456 ಪ್ರಕಾರ ಕಬ್ಬಿಣ ಇರುವ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ದಾಟಬಾರದು.

ಮಳೆ ನೀರಿನ ಲೆಕ್ಕವನ್ನೂ ಇಲ್ಲೇ ಹಾಕಿಬಿಡಿ. ನೂರು ಚದರ ಮೀಟರ್ ಮಾಡಿನ (ಛಾವಣಿಯ) ಮೇಲೆ ಒಂದು ದಿನ 100 ಮಿಲಿಮೀಟರ್ ಮಳೆ ಬಿದ್ದರೆ ಹತ್ತು ಸಾವಿರ ಲೀಟರ್ ನೀರು. ವರ್ಷಕ್ಕೆ 3,500 ಮಿಲಿಮೀಟರ್ ಹಿಡಿದರೆ ಮೂರೂವರೆ ಲಕ್ಷ ಲೀಟರ್. ನಗರದ ನೀರು ಸರಬರಾಜಿನ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂದು ಹಿಡಿಯುತ್ತಾರೆ. ನಾಲ್ಕು ಜನರ ಮನೆಗೆ ವರ್ಷಕ್ಕೆ ಎರಡು ಲಕ್ಷ ಲೀಟರೂ ಆಗುವುದಿಲ್ಲ. ಅಂದರೆ ಮೇಯಲ್ಲಿ ಟ್ಯಾಂಕರ್ ತರಿಸುವ ಮನೆಯ ಮಾಡಿನಿಂದಲೇ ಅದಕ್ಕಿಂತ ಜಾಸ್ತಿ ನೀರು ರಸ್ತೆಗೆ ಹೋಗಿರುತ್ತದೆ. ಮಾಡಿನ ದಂಬೆಯಿಂದ ಪೈಪಿಳಿಸಿ, ಜಲ್ಲಿ, ಇದ್ದಿಲು, ಮರಳಿನ ಫಿಲ್ಟರ್ ಮೂಲಕ ಬಾವಿಗೆ ಬಿಡುವ ವ್ಯವಸ್ಥೆಯನ್ನು ಪ್ಲ್ಯಾನ್‌ನಲ್ಲೇ ಬರೆಸಿದರೆ ಖರ್ಚು ಸ್ವಲ್ಪ. ಆಮೇಲೆ ಮಾಡಿಸಲು ಹೋದರೆ ಹಾಕಿದ ಇಂಟರ್‌ಲಾಕ್ ಕೀಳಬೇಕು.

ಶೀಟ್ ಹಾಕುವ ಖರ್ಚು ಯಾಕೆ?

ಮಂಗಳೂರಿನಲ್ಲಿ ಯಾವುದಾದರೂ ಎತ್ತರದ ಕಟ್ಟಡ ಹತ್ತಿ ಕೆಳಗೆ ನೋಡಿ. ಟೆರೇಸ್ ಮನೆಗಳ ಮೇಲೆ ನೀಲಿ, ಕೆಂಪು, ಹಸಿರು ಶೀಟಿನ ಮಾಡು. ಮೊದಲು ದುಡ್ಡು ಕೊಟ್ಟು ಸಪಾಟು ಸ್ಲ್ಯಾಬ್ ಹಾಕಿಸಿದರು. ಎರಡು ಮಳೆಗಾಲ ಕಳೆದ ಮೇಲೆ ಅದು ಸೋರಿತು. ಮತ್ತೆ ದುಡ್ಡು ಕೊಟ್ಟು ಅದರ ಮೇಲೆ ಕಬ್ಬಿಣದ ಟ್ರಸ್ ನಿಲ್ಲಿಸಿ ಶೀಟ್ ಹಾಕಿಸಿದರು. ಒಂದು ಮನೆಗೆ ಎರಡು ಮಾಡು. ಬಟ್ಟೆ ಒಣಗಿಸಲು, ಅಡಿಕೆ ತೆಂಗಿನಕಾಯಿ ಹಾಕಲು ಅದು ಉಪಯೋಗ ಆಗುತ್ತದೆ, ಇಲ್ಲ ಎನ್ನುವುದಿಲ್ಲ. ಆದರೆ ಕೊನೆಗೆ ಶೀಟ್ ಬರುವುದೇ ಹೌದಾದರೆ ಅದನ್ನು ಮೊದಲ ದಿನವೇ ಡ್ರಾಯಿಂಗ್‌ನಲ್ಲಿ ಹಾಕಿಸಿ. ಕಂಬಗಳಿಗೆ ಕಾಂಕ್ರೀಟ್ ಹಾಕುವಾಗಲೇ ಬೋಲ್ಟ್ ಇಟ್ಟುಕೊಂಡರೆ ಆಮೇಲೆ ಸ್ಲ್ಯಾಬ್ ಕೊರೆದು, ಆ ತೂತಿನಿಂದಲೇ ಸೋರಿಕೆ ಶುರುವಾಗುವುದು ತಪ್ಪುತ್ತದೆ. ಇಲ್ಲವಾದರೆ ಮೊದಲಿಂದಲೇ ಇಳಿಜಾರು ಮಾಡು ಮಾಡಿ. 1860ರ ದಶಕದಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದಲ್ಲಿಂದ ಈ ಊರಿನ ಹಂಚು ಎಲ್ಲೆಲ್ಲಿಗೋ ಹೋಗಿದೆ. ಇಲ್ಲಿಯವರೇ ಸಪಾಟು ಸ್ಲ್ಯಾಬಿಗೆ ಮರುಳಾದದ್ದು ನನಗೆ ಇವತ್ತಿಗೂ ಅರ್ಥವಾಗದ ವಿಷಯ.

ಮಾಡಿನ ಚಾಚು ಕೂಡ ಮುಖ್ಯ. ನಮ್ಮ ಮಳೆ ನೆಟ್ಟಗೆ ಬೀಳುವುದಿಲ್ಲ, ಪಶ್ಚಿಮ ಮತ್ತು ನೈಋತ್ಯದಿಂದ ಗಾಳಿ ಸಮೇತ ಗೋಡೆಗೆ ಹೊಡೆಯುತ್ತದೆ. ಒಂದೂವರೆ ಅಡಿಯ ಸನ್‌ಶೇಡ್ ಅದಕ್ಕೆ ಲೆಕ್ಕಕ್ಕಿಲ್ಲ. ಪಡು ದಿಕ್ಕಿಗೆ ಮೂರು ಅಡಿಗೆ ಕಡಿಮೆಯಾಗದ ಚಾಚು, ಆಗುವುದಾದರೆ ಜಗಲಿಯನ್ನೇ ಆ ಬದಿಗೆ ಇಡಿ. ಈಗ ಮುರಕಲ್ಲಿಗೆ ಪ್ಲಾಸ್ಟರ್ ಮಾಡದೆ ಹಾಗೆಯೇ ಕಾಣುವಂತೆ ಬಿಡುವುದು ಫ್ಯಾಶನ್. ಚೆಂದ ಹೌದು. ಆದರೆ ಮುರಕಲ್ಲು ನೀರು ಹೀರುತ್ತದೆ, ಚಾಚು ಇಲ್ಲದ ಪಡು ಗೋಡೆಯಲ್ಲಿ ಪಾಚಿ ಕಟ್ಟುತ್ತದೆ. ಆ ಬದಿಯ ಗೋಡೆಗೆ ವಾರ್ಡ್‌ರೋಬ್ ಅಂಟಿಸಬೇಡಿ. ಆಗಸ್ಟ್‌ನಲ್ಲಿ ಬಾಗಿಲು ತೆಗೆದರೆ ರೇಷ್ಮೆ ಸೀರೆಗೆ ಬೂಸ್ಟು ಹಿಡಿದಿರುತ್ತದೆ.

ಕಬ್ಬಿಣದ ವಿಷಯದಲ್ಲಿ ಒಂದೇ ಮಾತು. ಸಮುದ್ರದ ಗಾಳಿಯ ಉಪ್ಪು ಕಾಂಕ್ರೀಟಿನೊಳಗೆ ಇಳಿದು ಸರಳಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಹಿಡಿದ ಸರಳು ಉಬ್ಬಿ ಕಾಂಕ್ರೀಟನ್ನೇ ಒಡೆಯುತ್ತದೆ. ಅದಕ್ಕೆ ತಡೆ ಎರಡು: ಸರಳಿನ ಹೊರಗಿನ ಕಾಂಕ್ರೀಟ್ ಕವರ್ ಮತ್ತು ಕಾಂಕ್ರೀಟಿನ ಗ್ರೇಡ್. ಕರಾವಳಿಯ ವಾತಾವರಣಕ್ಕೆ ತೆರೆದುಕೊಂಡ ಕಾಂಕ್ರೀಟಿಗೆ ಐಎಸ್ 456 ಹೇಳುವುದು ಕನಿಷ್ಠ ಎಂ30 ಗ್ರೇಡ್, 45 ಮಿಲಿಮೀಟರ್ ಕವರ್. ಸೈಟಿನಲ್ಲಿ ಸಾಮಾನ್ಯವಾಗಿ ಕೇಳಿಬರುವುದು ಎಂ20. ಎರಡೂ ಸಂಖ್ಯೆಗಳು ಸ್ಟ್ರಕ್ಚರಲ್ ಡ್ರಾಯಿಂಗ್‌ನಲ್ಲಿ ಬರಹದಲ್ಲಿ ಇವೆಯಾ ನೋಡಿ. ಬೀಚ್ ಹತ್ತಿರದವರಿಗೆ ಇದರಲ್ಲಿ ರಾಜಿ ಬೇಡ.

ಈಗ ಕೋಣೆಗಳು

ಇಷ್ಟೆಲ್ಲ ಆದ ಮೇಲೆ ಹಾಳೆಯಲ್ಲಿ ಮನೆಗೆ ಉಳಿಯುವ ಜಾಗ ಎಷ್ಟು, ಯಾವ ಆಕಾರದ್ದು ಎಂಬುದು ತಾನಾಗಿ ಗೊತ್ತಾಗುತ್ತದೆ. ಕೋಣೆ ಲೆಕ್ಕ ಹಾಕುವಾಗ ಮನೆಯಲ್ಲಿ ವರ್ಷವಿಡೀ ಯಾರಿರುತ್ತಾರೆ ಎಂದು ಕೇಳಿಕೊಳ್ಳಿ. ಮಗ ದುಬೈಯಲ್ಲಿ, ಮಗಳು ಬೆಂಗಳೂರಿನಲ್ಲಿ, ಮನೆಯಲ್ಲಿ ಅಪ್ಪ ಅಮ್ಮ ಮಾತ್ರ. ಆದರೂ ಮೇಲೆ ಮೂರು ಬೆಡ್‌ರೂಮ್. ಹನ್ನೊಂದು ತಿಂಗಳು ಬೀಗ ಹಾಕಿದ ಆ ಕೋಣೆಗಳಲ್ಲಿ ಮಳೆಗಾಲವಿಡೀ ಬೂಸ್ಟು ವಾಸನೆ, ಅಮ್ಮನಿಗೆ ಮೆಟ್ಟಿಲು ಹತ್ತಿ ಕಿಟಕಿ ತೆರೆಯುವ ಕೆಲಸ. ಅದರ ಬದಲು ಕೆಳಗೇ ಒಂದು ಒಳ್ಳೆಯ ಬೆಡ್‌ರೂಮ್, ಮೆಟ್ಟಿಲಿಲ್ಲದ ಬಾತ್‌ರೂಮ್, ಮೂರು ಅಡಿಯ ಬಾಗಿಲು ಇರಲಿ. ಮುಂದೆ ಗಾಲಿಕುರ್ಚಿ ಬಂದರೂ ಹೋಗಬೇಕು. ಮೇಲಿನ ಮಹಡಿಗೆ ಪಾಯ ಮತ್ತು ಕಂಬ ಈಗಲೇ ಲೆಕ್ಕ ಹಾಕಿಟ್ಟು, ಕೋಣೆಗಳನ್ನು ಬೇಕಾದಾಗ ಕಟ್ಟಿಕೊಳ್ಳಬಹುದು.

ಪೇಟೆಯ ಪ್ಲ್ಯಾನ್‌ಗಳಲ್ಲಿ ಇಲ್ಲದ ಕೆಲವು ಜಾಗ ನಮಗೆ ಬೇಕೇ ಬೇಕು. ಅಡುಗೆ ಕೋಣೆಯ ಹಿಂದೆ ಮಾಡು ಇರುವ ಒಂದು ವರ್ಕ್ ಏರಿಯಾ. ಅಲ್ಲಿ ಸೊಂಟದ ಎತ್ತರಕ್ಕೆ ಒಂದು ಕಲ್ಲಿನ ಕಟ್ಟೆ, ಅಗಲದ ಸಿಂಕ್, ಒಂದು ನಳ್ಳಿ. ಬಂಗುಡೆ, ಬೂತಾಯಿ ಮೀನು ಕೊಯ್ದು ತೊಳೆಯುವುದು ಅಲ್ಲಿ. ನೀರು ಸೀದಾ ತೆಂಗಿನ ಬುಡಕ್ಕೆ ಹೋಗುವ ಹಾಗಿದ್ದರೆ ಇನ್ನೂ ಒಳ್ಳೆಯದು. ಬಿಸಿನೀರಿನ ಹಂಡೆ ಇಷ್ಟಪಡುವವರಾದರೆ ಸೌದೆ ಇಡಲು ಒಣ ಜಾಗ. ನಾಲ್ಕು ತಿಂಗಳು ಬಟ್ಟೆ ಒಣಗಿಸಲು ಗಾಳಿ ಆಡುವ, ಮಳೆ ಬೀಳದ ಜಾಗ. ಎದುರು ಒಂದು ಅಂಗಳ. ಮನೆಯಲ್ಲಿ ಮದುವೆ ಆದರೆ ಮೆಹೆಂದಿಗೋ ಕ್ರೈಸ್ತರ ರೋಸಿಗೋ ಚಪ್ಪರ ಬೀಳುವುದು ಅಲ್ಲೇ ಅಲ್ವಾ? ಅಷ್ಟೂ ಜಾಗಕ್ಕೆ ಇಂಟರ್‌ಲಾಕ್ ಹಾಕಿ ಮುಚ್ಚಬೇಡಿ. ನೀರು ಇಂಗಲು ಮಣ್ಣು ಬೇಕು.

ರೇಟ್ ಎಂಬ ಮೋಸದ ಸಂಖ್ಯೆ

‘ಸ್ಕ್ವೇರ್ ಫೀಟಿಗೆ ಎಷ್ಟು?’ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಉತ್ತರಗಳನ್ನು ಹೋಲಿಸುವ ಮೊದಲು ಆ ರೇಟಿನಲ್ಲಿ ಏನಿಲ್ಲ ಎಂದು ಕೇಳಿ. ಬಾವಿ, ಸೆಪ್ಟಿಕ್ ಟ್ಯಾಂಕ್, ಕಾಂಪೌಂಡ್, ಗೇಟ್, ತಡೆಗೋಡೆ, ಜಾಗ ಸಮ ಮಾಡುವುದು, ಶೀಟ್, ಇಂಟರ್‌ಲಾಕ್, ಮೆಸ್ಕಾಂ ಸಂಪರ್ಕ ಇವೆಲ್ಲ ಹೆಚ್ಚಾಗಿ ರೇಟಿನ ಹೊರಗೆ. ಸಿಟ್‌ಔಟ್, ಕಾರ್ ಪೋರ್ಚ್, ಮೆಟ್ಟಿಲಿನ ಕೋಣೆಯನ್ನು ಪೂರ್ತಿ ಅಳತೆಗೆ ಹಿಡಿಯುತ್ತಾರಾ, ಅರ್ಧಕ್ಕಾ? ಇಬ್ಬರು ಕಾಂಟ್ರಾಕ್ಟರರಲ್ಲಿ ಕಡಿಮೆ ರೇಟ್ ಹೇಳಿದವನ ಒಟ್ಟು ಬಿಲ್ಲೇ ಜಾಸ್ತಿ ಆಗುವುದು ಈ ಅಳತೆಯಲ್ಲಿ. ಟೈಲ್ಸ್, ಸ್ಯಾನಿಟರಿ, ವಯರ್, ಪೈಂಟ್ ಯಾವ ಕಂಪೆನಿಯದ್ದು, ಯಾವ ದರದ್ದು ಎಂದು ಬರೆಸಿಕೊಳ್ಳಿ. ‘ಒಳ್ಳೆ ಕ್ವಾಲಿಟಿ’ ಎಂಬುದು ಕರಾರಿನಲ್ಲಿ ಬರಬಾರದ ಶಬ್ದ.

ಬ್ಯಾಂಕ್ ಸಾಲ ತೆಗೆಯುವವರು ಕೈಯಿಂದ ಹಾಕಬೇಕಾದ ಪಾಲನ್ನು ಮೊದಲೇ ಲೆಕ್ಕ ಹಾಕಬೇಕು. ರಿಸರ್ವ್ ಬ್ಯಾಂಕ್ ನಿಯಮದಲ್ಲಿ 30 ಲಕ್ಷದವರೆಗಿನ ಗೃಹಸಾಲಕ್ಕೆ ಹೆಚ್ಚೆಂದರೆ ಆಸ್ತಿಯ ಮೌಲ್ಯದ ಶೇ. 90, ಅದಕ್ಕಿಂತ ಮೇಲೆ 75 ಲಕ್ಷದವರೆಗೆ ಶೇ. 80, ಅದನ್ನೂ ದಾಟಿದರೆ ಶೇ. 75. ಹಣ ಒಟ್ಟಿಗೆ ಸಿಗುವುದಿಲ್ಲ, ಕೆಲಸದ ಹಂತ ನೋಡಿ ಬಿಡುಗಡೆ ಮಾಡುತ್ತಾರೆ. ಆದ್ದರಿಂದ ಕಾಂಟ್ರಾಕ್ಟರಿಗೆ ಕೊಡುವ ಕಂತುಗಳೂ ಅದೇ ಹಂತಗಳಿಗೆ ಹೊಂದಬೇಕು.

ಡ್ರಾಯಿಂಗ್ ಬಗ್ಗೆ ಒಂದು ಸಣ್ಣ ಎಚ್ಚರಿಕೆ. ಲೈಸೆನ್ಸಿಗೆ ಕೊಟ್ಟ ಪ್ಲ್ಯಾನ್ ಒಂದು, ಕಟ್ಟುವ ಪ್ಲ್ಯಾನ್ ಇನ್ನೊಂದು ಎಂಬ ಪದ್ಧತಿ ನಮ್ಮಲ್ಲಿ ಸಲೀಸಾಗಿ ನಡೆದುಕೊಂಡು ಬಂದಿದೆ. ಮುಂದೆ ಮಾರುವಾಗಲೋ ಸಾಲ ತೆಗೆಯುವಾಗಲೋ ಅದು ಸಿಕ್ಕಿಬೀಳುತ್ತದೆ. ಲೈಸೆನ್ಸ್ ನಕ್ಷೆ ಕಟ್ಟಲು ಸಾಲುವುದೂ ಇಲ್ಲ. ಪಾಯ, ಕಂಬ, ಬೀಮಿನ ಸ್ಟ್ರಕ್ಚರಲ್ ಡ್ರಾಯಿಂಗ್, ಪೈಪಿನದ್ದು, ಕರೆಂಟಿನದ್ದು ಬೇರೆ ಬೇರೆ ಬೇಕು. ಸ್ವಿಚ್ ಎಲ್ಲಿ, ಇನ್ವರ್ಟರ್ ಎಲ್ಲಿ, ಸೋಲಾರ್ ಪೈಪ್ ಯಾವ ಗೋಡೆಯಲ್ಲಿ ಇಳಿಯುತ್ತದೆ ಎಂಬುದು ಕಾಗದದ ಮೇಲೆ ಬದಲಾಯಿಸಲು ರಬ್ಬರ್ ಸಾಕು. ಗೋಡೆ ಎದ್ದ ಮೇಲೆ ಬ್ರೇಕರ್ ಬೇಕು.

ಮಳೆಗೆ ಮೊದಲು ಮಾಡು

ಕ್ಯಾಲೆಂಡರ್ ಹಿಂದಿನಿಂದ ಲೆಕ್ಕ ಹಾಕಬೇಕು. ತುಳುನಾಡಿನಲ್ಲಿ ಕೋಲ, ಯಕ್ಷಗಾನ ನಿಲ್ಲುವ ದಿನವಾದ ಪತ್ತನಾಜೆ ಬರುವುದು ಮೇ 24ರ ಆಸುಪಾಸು. ಆಮೇಲೆ ಮಳೆ ಯಾವಾಗ ಬೇಕಾದರೂ ಶುರುವಾಗಬಹುದು. ಅದರೊಳಗೆ ಮಾಡು ಆಗಿರಬೇಕಾದರೆ ದೀಪಾವಳಿ ಕಳೆದ ಕೂಡಲೇ ಕೆಸರುಕಲ್ಲು ಬೀಳಬೇಕು. ಅಷ್ಟರೊಳಗೆ ಲೈಸೆನ್ಸ್, ಸಾಯಿಲ್ ಟೆಸ್ಟ್, ಕರಾರು ಎಲ್ಲ ಕೈಯಲ್ಲಿರಬೇಕು. ಹಾಗಾದರೆ ಕಚೇರಿ ಓಡಾಟಕ್ಕೂ ಡ್ರಾಯಿಂಗ್ ತಿದ್ದುವುದಕ್ಕೂ ಸಿಗುವುದು ಮಳೆಗಾಲವೇ. ಆಟಿ ತಿಂಗಳಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ) ಹೇಗೂ ಹೊಸ ಕೆಲಸ ಶುರು ಮಾಡುವುದಿಲ್ಲ. ಆ ದಿನಗಳಲ್ಲಿ ಪಂಚಾಯತ್ ಮೆಟ್ಟಿಲು ಹತ್ತಿ, ಬಿಡುವಾದಾಗ ಜಾಗಕ್ಕೆ ಹೋಗಿ ನೀರು ಹರಿಯುವುದನ್ನು ನೋಡಿ.

ಏನೋ ಕಾರಣಕ್ಕೆ ತಡವಾಗಿ, ಮಾರ್ಚ್‌ನಲ್ಲಷ್ಟೇ ಪಾಯ ತೋಡುವ ಹಾಗಾದರೆ ಗೋಡೆ ಏರಿಸುವ ಗಡಿಬಿಡಿ ಬೇಡ. ಪಂಚಾಂಗದವರೆಗೆ, ಅಂದರೆ ಗೋಡೆ ಏಳುವ ಕೆಳಗಿನ ಅಡಿಕಟ್ಟಿನವರೆಗೆ (ಪ್ಲಿಂತ್), ಕಟ್ಟಿ, ಒಳಗೆ ಮಣ್ಣು ತುಂಬಿ, ಚೆನ್ನಾಗಿ ಒತ್ತಿಸಿ ನಿಲ್ಲಿಸಿ. ಒಂದು ಮಳೆಗಾಲ ಆ ಮಣ್ಣು ಕೂರಲಿ. ಮೇಲಕ್ಕೆ ಚಾಚಿದ ಕಂಬದ ಸರಳುಗಳಿಗೆ ಸಿಮೆಂಟ್ ಹಾಲು ಬಳಿದು ಪ್ಲಾಸ್ಟಿಕ್ ಸುತ್ತಿಸಿ. ಅಕ್ಟೋಬರ್‌ನಲ್ಲಿ ಮಣ್ಣು ಎಲ್ಲಿ ತಗ್ಗಾಗಿದೆಯೋ ಅಲ್ಲಿ ಮತ್ತೆ ತುಂಬಿ, ಗೆದ್ದಲಿನ ಮದ್ದು ಹೊಡೆಸಿ, ನೆಲದ ಕಾಂಕ್ರೀಟ್ ಹಾಕಿ ಮುಂದುವರಿಸಬಹುದು. ನಾಲ್ಕು ತಿಂಗಳು ಕೆಲಸ ನಿಲ್ಲುವುದಕ್ಕೆ ಯಾರಿಗೆ ಎಷ್ಟು ಹಣ, ಆಮೇಲೆ ಸಿಮೆಂಟ್ ರೇಟ್ ಏರಿದರೆ ಯಾರ ಲೆಕ್ಕಕ್ಕೆ ಎಂಬುದು ಕರಾರಿನಲ್ಲಿ ಒಂದು ಸಾಲಾಗಿ ಇರಲಿ.